ಸ್ಕ್ರೂ ತಿರುಗಿಸೋ ಮುಂಚೆ: ಗಾಲ್ಫ್‌ನ ಅಡ್ಜಸ್ಟಬಲ್ ಡ್ರೈವರ್ ನಮ್ಮಂಥೋರಿಗೆ ಬೇಕಾ, ತಗೊಂಡ್ರೆ ಹೇಗೆ ಸೆಟ್ ಮಾಡ್ಕೊಳ್ಳೋದು

ಹೋದ ಆಷಾಢದಲ್ಲಿ ಒಂದು ಭಾನುವಾರ ಬೆಳಗ್ಗೆ ಪ್ರಾಕ್ಟೀಸ್ ಮಾಡ್ತಾ ಇದ್ವಿ, ಪಕ್ಕದಲ್ಲಿ ನಮ್ಮ ಡಾಕ್ಟ್ರು ಹೊಸಾ ಡ್ರೈವರ್, ಅಂದ್ರೆ ದೂರ ಹೊಡೆಯೋ ದೊಡ್ಡ ತಲೆಯ ಕ್ಲಬ್ಬು, ತಂದಿದ್ರು. ಐದು ಬಾಲ್ ಹೊಡೆಯೋದು, ಬಲಕ್ಕೆ ಹೋಯ್ತು ಅಂತ ಜೇಬಿಂದ ರೆಂಚ್ ತೆಗೆಯೋದು, ಟಕ್ ಅಂತ ತಿರುಗಿಸೋದು, ಮತ್ತೆ ಐದು ಬಾಲ್, ಈಗ ಎಡಕ್ಕೆ ಹೋಯ್ತು ಅಂತ ಮತ್ತೆ ರೆಂಚು, ಹಿಂಗೇ ಒಂದೂವರೆ ಗಂಟೆ. ಹಿಂದೆ ನಿಂತಿದ್ದ, ಬ್ಯಾಗ್ ಹೊರೋ ಕ್ಯಾಡಿ ನೋಡೋವರೆಗೂ ನೋಡ್ದ, ಆಮೇಲೆ ತಡೀಲಾರದೆ "ಸ್ಕ್ರೂ ಬುಡಿ ಸಾ, ಬುಜ ತಿರುಗ್ಸಿ" ಅಂದ. ಎಲ್ರೂ ನಕ್ವಿ, ಡಾಕ್ಟ್ರೂ ನಕ್ಕರು, ಆದ್ರೆ ಮುಂದಿನ ವಾರ ಮತ್ತೆ ಅದೇ ರೆಂಚು.

ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ ಅನ್ನೋ ಗಾದೆ ಕಟ್ಟಿದೋರಿಗೆ, ಮುಂದೊಂದಿನ ನೆಲಕ್ಕೂ ಸ್ಕ್ರೂ ಹಾಕಿ "ತಗೊಳ್ಳಿ, ನೀವೇ ಸರಿ ಮಾಡ್ಕೊಳ್ಳಿ" ಅಂತ ಮಾರೋ ಕಾಲ ಬರತ್ತೆ ಅಂತ ಗೊತ್ತಿರ್ಲಿಲ್ಲ ಪಾಪ. ತಮಾಷೆ ಏನಪ್ಪಾ ಅಂದ್ರೆ ಗಾಲ್ಫ್‌ನಲ್ಲಿ ಕೆಲವು ಸಲ ನೆಲ ನಿಜವಾಗ್ಲೂ ಸ್ವಲ್ಪ ಡೊಂಕಾಗೇ ಇರತ್ತೆ, ಅಂದ್ರೆ ಕೈಲಿರೋ ಡ್ರೈವರ್ ನಮಗೆ ಹೊಂದೋದೇ ಇಲ್ಲ. ಅಷ್ಟು ಮಟ್ಟಿಗೆ ಆ ಸ್ಕ್ರೂ ಕೆಲಸಕ್ಕೆ ಬರತ್ತೆ. ಎಷ್ಟು ಮಟ್ಟಿಗೆ, ಎಲ್ಲಿಂದಾಚೆ ಅದು ಬರೀ ಆಟಿಕೆ, ಅನ್ನೋದನ್ನ ನಾನು ಎಂಟು ಹತ್ತು ವರ್ಷ ದುಡ್ಡು ಕಳ್ಕೊಂಡು ಕಲಿತಿದ್ದು. ಹ್ಯಾಂಡಿಕ್ಯಾಪ್ 18ರ ಆಸುಪಾಸು, ಅಂದ್ರೆ ಸಾಧಾರಣವಾಗಿ ಆಡೋನು ನಾನು, ಕೋಚ್ ಅಲ್ಲ, ಅಂಗಡಿಯೋನೂ ಅಲ್ಲ, ಅದನ್ನ ತಲೇಲಿಟ್ಕೊಂಡು ಓದಿ. ಇನ್ನೊಂದು, ನಾನು ಬರಿಯೋದೆಲ್ಲ ಬಲಗೈ ಆಟಗಾರರ ಲೆಕ್ಕ, ಎಡಚರು ಎಡ ಬಲ ಅದಲು ಬದಲು ಮಾಡ್ಕೊಂಡು ಓದ್ಕೊಳ್ಳಿ.

ಮೊದ್ಲು, ಏನೇನು ತಿರುಗತ್ತೆ ಅಂತ ನೋಡೋಣ. ಒಂದು, ಶಾಫ್ಟ್, ಅಂದ್ರೆ ಉದ್ದನೆ ಕೋಲು, ಬಂದು ಹೆಡ್ಡಿಗೆ, ಅಂದ್ರೆ ಬಾಲ್ ಹೊಡೆಯೋ ತಲೆಗೆ, ಸೇರೋ ಕಡೆ ಸ್ಲೀವ್ ಅನ್ನೋ ಸಣ್ಣ ಕೊಳವೆ ಇರತ್ತೆ, ಕೆಳಗಿಂದ ಒಂದು ಸ್ಕ್ರೂ. ಸ್ಕ್ರೂ ಬಿಚ್ಚಿ ಸ್ಲೀವ್ ತಿರುಗಿಸಿ ಹಾಕಿದ್ರೆ ಶಾಫ್ಟ್ ಹೆಡ್ಡಿಗೆ ಕೂರೋ ಕೋನ ಚೂರು ಬದಲಾಗತ್ತೆ, ಅದರಿಂದ ಲಾಫ್ಟ್, ಫೇಸ್ ನೋಡೋ ದಿಕ್ಕು, ಲೈ ಮೂರೂ ಬದಲಾಗತ್ತೆ. ಫೇಸ್ ಅಂದ್ರೆ ಹೆಡ್ಡಿನ ಬಾಲಿಗೆ ತಾಗೋ ಮುಖ, ಲಾಫ್ಟ್ ಅಂದ್ರೆ ಆ ಫೇಸ್ ಹಿಂದಕ್ಕೆ ವಾಲಿರೋ ಕೋನ, ಲೈ ಅಂದ್ರೆ ಶಾಫ್ಟ್ ನೆಲಕ್ಕೆ ವಾಲಿರೋ ಕೋನ. ಇನ್ನೊಂದು, ಹೆಡ್ಡಿನ ತಳದಲ್ಲಿ ಇರೋ ತೂಕದ ಬಿಲ್ಲೆಗಳು, ಕೆಲವದರಲ್ಲಿ ಜಾಗ ಬದಲಾಯಿಸಿ ಹಾಕೋದು, ಕೆಲವದರಲ್ಲಿ ಹಳಿ ಮೇಲೆ ಜರುಗಿಸೋದು. ತೂಕ ಬದಲಾಯಿಸೋದು ಜನಕ್ಕೆ ಗೊತ್ತಾಗಿದ್ದು 2004ರಲ್ಲಿ ಟೇಲರ್‌ಮೇಡ್‌ನೋರು ಆರ್7 ಕ್ವಾಡ್ ಅಂತ ನಾಲ್ಕು ಸ್ಕ್ರೂ ಇರೋ ಡ್ರೈವರ್ ಬಿಟ್ಟಾಗ. ಸ್ಲೀವ್ ತಿರುಗಿಸೋದಕ್ಕೆ ಆಗ ರೂಲಲ್ಲಿ ಅವಕಾಶವೇ ಇರ್ಲಿಲ್ಲ, 2008ರಿಂದ ರೂಲ್ ಸಡಿಲ ಆಯ್ತು, 2009ರಲ್ಲಿ ಟೇಲರ್‌ಮೇಡ್ ಆರ್9, ನೈಕಿ ಕಂಪನಿದು ಒಂದು, ಎಲ್ಲಾ ಬಂದ್ವು. ಈಗ ದೊಡ್ಡ ಕಂಪನಿಗಳ ಹೊಸ ಡ್ರೈವರ್ ಬಹುಪಾಲು ಎಲ್ಲದರಲ್ಲೂ ಸ್ಲೀವ್ ಇರತ್ತೆ. ಟೇಲರ್‌ಮೇಡ್‌ದು ಹನ್ನೆರಡು ಪೊಸಿಷನ್, ಟೈಟ್ಲಿಸ್ಟ್‌ದು ಎರಡು ಉಂಗುರ ಸೇರಿ ಹದಿನಾರು, ಕ್ಯಾಲವೇ ಮತ್ತೆ ಪಿಂಗ್ ಎಂಟೆಂಟು. ಹಾಗಾಗಿ ಅಡ್ಜಸ್ಟಬಲ್ ತಗೊಳ್ಳೋದಾ ಬೇಡ್ವಾ ಅನ್ನೋ ಪ್ರಶ್ನೆ ಅರ್ಧ ಮುಗಿದ ಹಾಗೇ, ಹೊಸದು ತಗೊಂಡ್ರೆ ಬಹುಪಾಲು ಅದು ಬಂದೇ ಬರತ್ತೆ. ಉಳಿದಿರೋ ಪ್ರಶ್ನೆ, ಬಂದ ಮೇಲೆ ಏನು ಮಾಡೋದು.

ಈಗ ಜನ ತಪ್ಪು ತಿಳ್ಕೊಳ್ಳೋ ಜಾಗಕ್ಕೆ ಬರ್ತೀನಿ. ಸ್ಲೀವ್ ಮೇಲೆ ಪ್ಲಸ್ ಒಂದು, ಪ್ಲಸ್ ಎರಡು ಅಂತ ಬರೆದಿರತ್ತೆ, ನಾವು ಅದು ಬರೀ ಎತ್ತರದ ಲೆಕ್ಕ ಅಂದ್ಕೋತೀವಿ. ಅಲ್ಲ. ಮನೇಲೇ ನೋಡ್ಬಹುದು: ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ ಇದ್ರೆ ಗೆರೆ ಸಿಗಲ್ಲ, ಟೈಲ್ಸ್ ಇರೋ ಕಡೆ ಹೋಗಿ, ಟೈಲ್ಸ್ ಸೇರೋ ಗೆರೆಗೆ ಸರಿಯಾಗಿ ಡ್ರೈವರ್ ಇಟ್ಟು, ಗ್ರಿಪ್ ಬಿಗಿ ಹಿಡೀದೆ ಎರಡು ಬೆರಳಲ್ಲಿ ಹಿಡ್ಕೊಂಡು ಹೆಡ್ ತಾನಾಗೇ ಕೂರೋಕೆ ಬಿಡಿ. ಸ್ಟ್ಯಾಂಡರ್ಡ್‌ನಲ್ಲಿ ಒಂದ್ಸಲ ನೋಡಿ, ಪೂರ್ತಿ ಪ್ಲಸ್ ಮಾಡಿ ಒಂದ್ಸಲ ನೋಡಿ. ಲಾಫ್ಟ್ ಜಾಸ್ತಿ ಮಾಡಿದಾಗ ಫೇಸ್ ಎಡಕ್ಕೆ ಮುಚ್ಕೊಂಡಿರತ್ತೆ, ಕಮ್ಮಿ ಮಾಡಿದಾಗ ಬಲಕ್ಕೆ ತೆರ್ಕೊಂಡಿರತ್ತೆ. ಒಂದು ಡಿಗ್ರಿ ಲಾಫ್ಟ್‌ಗೆ ಫೇಸು ಹೆಚ್ಚುಕಮ್ಮಿ ಒಂದೂವರೆಯಿಂದ ಎರಡು ಡಿಗ್ರಿ ತಿರುಗತ್ತೆ, ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇದೆ. ಅಂದ್ರೆ "ನಂದು ಸ್ಲೈಸು, ಬಲಕ್ಕೆ ಬಾಗೋ ಬಾಲ್, ತುಂಬಾ ಮೇಲೆ ಹೋಗ್ತಿದೆ, ಲಾಫ್ಟ್ ಇಳಿಸ್ತೀನಿ" ಅಂತ ಇಳಿಸಿದ್ರೆ ಫೇಸ್ ಇನ್ನೂ ತೆರ್ಕೊಳ್ಳತ್ತೆ, ಸ್ಲೈಸ್ ಇನ್ನೂ ಜಾಸ್ತಿ. ನಾನು ಪೂರ್ತಿ ಒಂದು ವರ್ಷ ಮಾಡಿದ್ದು ಇದೇ ಕೆಲಸ.

ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ, ನೀವು ಹೆಡ್ಡನ್ನ ನೆಲಕ್ಕೆ ಕೂರಿಸಿ ಹಾಗೇ ಹಿಡ್ಕೊಳ್ಳೋರಾದ್ರೆ ಸ್ಲೀವ್ ನಿಮಗೆ ಬದಲಾಯಿಸೋದು ಮುಖ್ಯವಾಗಿ ದಿಕ್ಕನ್ನ. ಅದೇ ಕಣ್ಣಲ್ಲಿ ನೋಡಿ ಫೇಸ್ ನೆಟ್ಟಗೆ ಮಾಡ್ಕೊಂಡು ಆಮೇಲೆ ಗ್ರಿಪ್ ಹಿಡಿಯೋರಾದ್ರೆ ದಿಕ್ಕು ನೀವೇ ಸರಿ ಮಾಡ್ಬಿಟ್ರಿ, ಬದಲಾಗೋದು ಎತ್ತರ. ಒಂದೇ ಸ್ಕ್ರೂ, ಇಬ್ಬರ ಕೈಲಿ ಎರಡು ಥರ. ಅದಕ್ಕೇ ಸ್ನೇಹಿತರ ಸೆಟ್ಟಿಂಗ್ ಕಾಪಿ ಹೊಡೀಬೇಡಿ ಅನ್ನೋದು.

ತೂಕದ ಬಿಲ್ಲೆ ವಿಚಾರ ಇಷ್ಟು ಗೋಜಲಿಲ್ಲ. ತೂಕ ಹೀಲ್ ಕಡೆ, ಅಂದ್ರೆ ಶಾಫ್ಟ್ ಕಡೆ ತಂದ್ರೆ ಹೆಡ್ ಬೇಗ ಮುಚ್ಕೊಳ್ಳತ್ತೆ, ಬಾಲ್ ಎಡಕ್ಕೆ ವಾಲತ್ತೆ. ಟೋ ಕಡೆ, ಅಂದ್ರೆ ಶಾಫ್ಟಿಂದ ದೂರದ ತುದಿಗೆ, ತಳ್ಳಿದ್ರೆ ಬಲಕ್ಕೆ. ಹಿಂದಕ್ಕೆ ಹಾಕಿದ್ರೆ ಬಾಲ್ ಎತ್ತರ ಹೋಗತ್ತೆ, ಮಧ್ಯಕ್ಕೆ ಬೀಳದ ಏಟನ್ನ ಹೆಡ್ ಜಾಸ್ತಿ ಕ್ಷಮಿಸತ್ತೆ. ಮುಂದಕ್ಕೆ ತಂದ್ರೆ ಸ್ಪಿನ್ ಕಮ್ಮಿ, ಕ್ಷಮೇನೂ ಕಮ್ಮಿ. ನಮ್ಮ ಥರ ವಾರಕ್ಕೊಂದ್ಸಲ ಆಡೋರು ತೂಕ ಮುಂದಕ್ಕೆ ತರೋದು ಯಾಕೆ ಅಂತ ನನಗಂತೂ ಅರ್ಥ ಆಗಿಲ್ಲ, ಟೀವಿಲಿ ಯಾರೋ ಮಾಡ್ತಾರೆ ಅಂತ ಅಷ್ಟೆ.

ಹಾಗಾದ್ರೆ ಸ್ಲೈಸ್ ಹೋಗತ್ತಾ? ಲೆಕ್ಕ ಹಾಕಿ ನೋಡಿ. ಬಾಲ್ ಹೊರಡೋ ದಿಕ್ಕು ಬಹುಪಾಲು ಫೇಸ್ ಯಾವ ಕಡೆ ನೋಡ್ತಿದೆ ಅನ್ನೋದ್ರ ಮೇಲೆ, ಆಮೇಲೆ ಎಷ್ಟು ಬಾಗತ್ತೆ ಅನ್ನೋದು ಸ್ವಿಂಗ್ ಹೋಗೋ ದಾರಿಗೂ ಫೇಸಿಗೂ ಎಷ್ಟು ಅಂತರ ಅನ್ನೋದ್ರ ಮೇಲೆ. ಇನ್ನೂರು ಗಜದ ದೂರದಲ್ಲಿ ಬರೀ ಒಂದು ಡಿಗ್ರಿ ಅಂದ್ರೆ ಮೂರೂವರೆ ಗಜ ಪಕ್ಕಕ್ಕೆ, ಬಾಗೋದು ಬೇರೆ ಲೆಕ್ಕ. ಸ್ವಿಂಗು ಹೊರಗಿಂದ ಒಳಕ್ಕೆ ಆರೇಳು ಡಿಗ್ರಿ ಕೊಯ್ಕೊಂಡು ಬರ್ತಾ ಇದ್ರೆ ಎರಡು ಡಿಗ್ರಿ ಸ್ಲೀವ್ ಏನು ಮಾಡತ್ತೆ? ತೂಕ ಆ ತುದಿಯಿಂದ ಈ ತುದಿಗೆ ಹಾಕಿದ್ರೂ ಕಂಪನಿಯೋರು ತಾವೇ ಹೇಳ್ಕೊಳ್ಳೋದು ಹತ್ತಿಪ್ಪತ್ತು ಗಜದ ಮಾತು. ಪಕ್ಕದ ಫೇರ್‌ವೇಗೆ, ಅಂದ್ರೆ ಪಕ್ಕದ ಹೋಲಿನ ಕತ್ತರಿಸಿದ ಹುಲ್ಲಿನ ದಾರಿಗೆ, ಹೋಗೋ ಬಾಲ್ ಪಕ್ಕದ ಮರಕ್ಕೆ ಹೋಗತ್ತೆ ಅಷ್ಟೆ. ಆದ್ರೆ ಹದಿನೈದು ಗಜ ಬಲಕ್ಕೆ ಹೋಗೋ ಸಣ್ಣ ಸ್ಲೈಸ್ ಇರೋನಿಗೆ ಅದೇ ಹತ್ತು ಗಜ ಉದ್ದ ಹುಲ್ಲಿನ ರಫ್ಫಿಂದ ಫೇರ್‌ವೇಗೆ ತರತ್ತೆ. ಸಣ್ಣ ಕಾಯಿಲೆಗೆ ಔಷಧಿ, ದೊಡ್ಡ ಕಾಯಿಲೆಗೆ ಕೋಚು. ಕೋಚ್ ಹತ್ರ ನಾಲ್ಕೈದು ಕ್ಲಾಸ್ ಹೋಗೋ ದುಡ್ಡು ಹೊಸ ಡ್ರೈವರ್‌ನ ದುಡ್ಡಿನ ಮುಂದೆ ಏನೂ ಅಲ್ಲ, ಅಂದ್ರೂ ನಾವು ಡ್ರೈವರೇ ತಗೋತೀವಿ, ಯಾಕಂದ್ರೆ ಕ್ಲಾಸ್‌ಗೆ ಕವರ್ ಬರಲ್ಲ, ಹೊಳೆಯಲ್ಲ.

ಈ ಸ್ಲೀವ್ ನಿಜವಾಗ್ಲೂ ಉಪಕಾರ ಮಾಡೋದು ಎಲ್ಲಿ ಅಂದ್ರೆ, ತಪ್ಪು ಲಾಫ್ಟ್ ತಗೊಂಡಿರ್ತೀವಲ್ಲ ಅದನ್ನ ತಿದ್ದೋಕೆ. ಗಂಡಸರಿಗೆ 9 ಡಿಗ್ರಿ ಅಂದ್ರೆ ಏನೋ ಮೀಸೆ ತಿರುವಿದ ಹಾಗೆ, 12 ಅಂದ್ರೆ ಮರ್ಯಾದೆ ಹೋದ ಹಾಗೆ. ಟ್ರ್ಯಾಕ್‌ಮನ್ ಅಂತ ಬಾಲ್ ಹಾರೋದನ್ನ ಅಳೆಯೋ ಕಂಪನಿ ಕೆಲವು ವರ್ಷದ ಹಿಂದೆ ಪ್ರಕಟಿಸಿದ್ದ ಸರಾಸರಿ ಲೆಕ್ಕ ನೋಡಿ, ಗಂಡಸರ ವೃತ್ತಿಪರ ಆಟವಾದ ಪಿಜಿಎ ಟೂರ್‌ನೋರ ಸ್ವಿಂಗ್ ವೇಗ ಗಂಟೆಗೆ 113 ಮೈಲಿ, ನಮ್ಮಂಥ ಸಾಧಾರಣ ಗಂಡಸು ಆಟಗಾರನದು 93 ಮೈಲಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಸುಮಾರು 150 ಕಿಲೋಮೀಟರ್. ಎಲ್‌ಪಿಜಿಎ ಟೂರಿನ ವೃತ್ತಿಪರ ಹೆಣ್ಮಕ್ಕಳದು 94. ಅಂದ್ರೆ ನಾವು ಟೀವಿಲಿ ನೋಡಿ ಕಾಪಿ ಮಾಡ್ಬೇಕಾಗಿರೋದು ಆ ಗಂಡಸರನ್ನಲ್ಲ, ಈ ಹೆಣ್ಮಕ್ಕಳನ್ನ. ಅವರೂ ನಾವೂ ಒಂದೇ ವೇಗ, ಆದ್ರೆ ಅವರ ಬಾಲ್ ಗಾಳೀಲಿ ಹೋಗೋದು 218 ಗಜ, ನಮ್ಮದು 204. ಆ ಹದಿನಾಲ್ಕು ಗಜ ಎಲ್ಲಿ ಹೋಯ್ತು? ಅವರ ಹೆಡ್ ಬಾಲಿಗೆ ತಾಗೋವಾಗ ಮೂರು ಡಿಗ್ರಿ ಮೇಲಕ್ಕೆ ಏರ್ತಾ ಇರತ್ತೆ, ನಮ್ಮದು ಒಂದೂವರೆ ಡಿಗ್ರಿ ಕೆಳಕ್ಕೆ ಇಳೀತಾ ಇರತ್ತೆ, ಕಟ್ಟಿಗೆ ಒಡೆದ ಹಾಗೆ. ಅದರ ಜೊತೆ ನಮ್ಮ ಸ್ಪಿನ್ ನಿಮಿಷಕ್ಕೆ 3200 ಸುತ್ತಿನ ಮೇಲೆ, ಅವರದು 2600 ಚಿಲ್ಲರೆ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ನೋಡಿ, ದೂರ ಹೊಡೆಯೋರ ಪಟ್ಟಿಯೋರಲ್ಲ, ಆದ್ರೂ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದು ಹೆಜ್ಜೇಲಿ ಪದಕ ತಪ್ಪಿ ನಾಲ್ಕನೇ ಸ್ಥಾನ. ದೂರದ ಹುಚ್ಚು ನಮಗೇ ಜಾಸ್ತಿ.

ಹಾಗಾಗಿ ನಿಧಾನದ ಸ್ವಿಂಗ್, ಮೇಲಿಂದ ಕೆಳಕ್ಕೆ ಹೊಡೆಯೋ ಅಭ್ಯಾಸ, ಬಾಲ್ ತಗ್ಗಲ್ಲಿ ಹೋಗಿ ಬೇಗ ಬಿದ್ದುಬಿಡತ್ತೆ ಅನ್ನೋರಿಗೆ ಲಾಫ್ಟ್ ಏರಿಸೋದು ನಿಜವಾದ ಲಾಭ, ಜೊತೆಗೆ ಫೇಸೂ ಮುಚ್ಚೋದ್ರಿಂದ ಸ್ಲೈಸೂ ಸ್ವಲ್ಪ ಕಮ್ಮಿ, ಒಂದೇ ಕಲ್ಲಿಗೆ ಎರಡು ಹಣ್ಣು. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡ 9 ಡಿಗ್ರಿದನ್ನ ಕೊನೆಗೆ ನಾಚಿಕೆ ಬಿಟ್ಟು 11ಕ್ಕೆ ಏರಿಸಿದ ದಿನ ನಮ್ಮ ಗುಂಪಿನೋರು "ಲೇಡೀಸ್ ಕ್ಲಬ್ ತಂದ್ಯಾ" ಅಂದ್ರು, ಮೂರನೇ ಹೋಲ್ ಹೊತ್ತಿಗೆ ಸುಮ್ಮನಾದ್ರು. ಆದ್ರೆ ಒಂದು ಎಚ್ಚರ, ನಿಮ್ಮ ಬಾಲ್ ಈಗಾಗ್ಲೇ ಗಾಳಿಪಟದ ಥರ ಮೇಲೆದ್ದು ಅಲ್ಲೇ ನಿಂತು ಧೊಪ್ ಅಂತ ಬೀಳ್ತಿದ್ರೆ ಅದು ಲಾಫ್ಟ್ ಕಮ್ಮಿ ಆಗಿರೋದಲ್ಲ, ಸ್ಪಿನ್ ಜಾಸ್ತಿ ಆಗಿರೋದು, ಏರಿಸಿದ್ರೆ ಇನ್ನೂ ಕೆಡತ್ತೆ.

ಸರಿ, ಈಗ ಸೆಟ್ ಮಾಡೋ ಕೆಲಸ. ಎರಡು ಬೆಳಗ್ಗೆ ಬೇಕು, ಒಂದೇ ದಿನ ಮುಗಿಸ್ಬೇಡಿ, ಸುಸ್ತಾದ ಮೇಲಿನ ಸ್ವಿಂಗ್ ಬೇರೆ, ಅದಕ್ಕೆ ಸೆಟ್ ಮಾಡಿದ್ರೆ ಮುಂದಿನ ವಾರ ಎಲ್ಲಾ ಉಲ್ಟಾ. ಗಾಳಿ ಇಲ್ಲದ ಹೊತ್ತು ನೋಡ್ಕೊಳ್ಳಿ, ನಮ್ಮಲ್ಲಿ ಬೆಳಗ್ಗೆ ಏಳೂವರೆ ಒಳಗೆ ಅಂದ್ರೆ ವಾಸಿ. ನೀವು ಆಡೋ ಬ್ರ್ಯಾಂಡಿನ ಹನ್ನೆರಡು ಬಾಲ್ ಒಂದೇ ಥರದ್ದು ಇಟ್ಕೊಳ್ಳಿ, ಪ್ರಾಕ್ಟೀಸ್ ಕಡೆ ಕೊಡೋ ಸವೆದು ಹೋದ ಬಾಲಲ್ಲಿ ಸೆಟ್ ಮಾಡೋದು ಅಂದ್ರೆ ಸವೆದ ಚಪ್ಪಲೀಲಿ ಕಾಲಿನ ಅಳತೆ ತಗೊಂಡ ಹಾಗೆ. ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ವೈಟ್‌ಬೋರ್ಡ್ ಮಾರ್ಕರ್. ಇಷ್ಟೆ ಸಾಮಾನು.

ಮೊದಲನೇ ಬೆಳಗ್ಗೆ ರೆಂಚ್ ಮುಟ್ಟಲೇಬೇಡಿ, ಮನೇಲೇ ಬಿಟ್ಟು ಬನ್ನಿ. ಸ್ಲೀವ್ ಸ್ಟ್ಯಾಂಡರ್ಡ್‌ನಲ್ಲಿ, ತೂಕ ಮಧ್ಯದಲ್ಲಿ. ಬಾಲ್ ಹಿಂಭಾಗಕ್ಕೆ ಮಾರ್ಕರಲ್ಲಿ ದಪ್ಪ ಚುಕ್ಕಿ ಇಟ್ಟು, ಚುಕ್ಕಿ ಫೇಸ್ ಕಡೆ ಇರೋ ಹಾಗೆ ಟೀ ಅನ್ನೋ ಸಣ್ಣ ಗೂಟದ ಮೇಲಿಟ್ಟು ಹೊಡೀರಿ, ಫೇಸ್ ಮೇಲೆ ಚುಕ್ಕಿ ಅಚ್ಚಾಗತ್ತೆ. ಎಲ್ಲಿ ಬಿತ್ತು ಅಂತ ನೋಟ್‌ಬುಕ್‌ನಲ್ಲಿ ಬರೀರಿ, ಒರೆಸಿ, ಮತ್ತೆ ಹೊಡೀರಿ. ಮೂವತ್ತು ಬಾಲ್. ಕಣ್ಣಿಗೆ ಹೊಡೆಯೋ ಹಾಗೆ ಗೊತ್ತಾಗತ್ತೆ, ಹತ್ತರಲ್ಲಿ ಏಳು ಹೀಲ್ ಕಡೆಗೇ ಬೀಳ್ತಿದ್ರೆ ಸ್ಲೈಸ್‌ಗೆ ಅರ್ಧ ಕಾರಣ ಅಲ್ಲೇ ಇದೆ. ಮಧ್ಯ ಬಿಟ್ಟು ಪಕ್ಕಕ್ಕೆ ತಾಗಿದಾಗ ಹೆಡ್ ತಿರುಚ್ಕೊಳ್ಳೋದ್ರಿಂದ ಹೀಲಿಗೆ ತಾಗಿದ ಬಾಲ್ ಬಲಕ್ಕೆ ಬಾಗೋ ಸುತ್ತು ತಗೊಳ್ಳತ್ತೆ, ಟೋಗೆ ತಾಗಿದ್ದು ಎಡಕ್ಕೆ. ಇದಕ್ಕೆ ಸ್ಕ್ರೂ ಅಲ್ಲ ಮದ್ದು, ಅರ್ಧ ಇಂಚು ಹಿಂದೆ ನಿಂತ್ಕೊಳ್ಳೋದು, ಇಲ್ಲಾ ಗ್ರಿಪ್ ಒಂದು ಇಂಚು ಕೆಳಗೆ ಹಿಡಿಯೋದು. ಹಾಗೇ ಗುರುತೆಲ್ಲಾ ಫೇಸಿನ ಕೆಳಭಾಗದಲ್ಲಿದ್ರೆ ಟೀ ಎತ್ತರ ಮಾಡಿ, ಅರ್ಧ ಬಾಲ್ ಹೆಡ್ಡಿನ ಮೇಲೆ ಕಾಣ್ಬೇಕು, ಬಾಲನ್ನ ಎಡಗಾಲಿನ ಹಿಮ್ಮಡಿ ನೇರಕ್ಕೆ ತನ್ನಿ. ಫೇಸಿನ ಕೆಳಗೆ ತಾಗಿದ ಬಾಲ್‌ಗೆ ಸ್ಪಿನ್ ಜಾಸ್ತಿ. ಮೂವತ್ತು ಬಾಲಿನ ಖರ್ಚಲ್ಲಿ ಕೆಲವರ ಸಮಸ್ಯೆ ಇಲ್ಲೇ ಮುಗಿಯತ್ತೆ, ನಿಜ ಹೇಳ್ಬೇಕಂದ್ರೆ ಮುಗೀಬೇಕು ಅಂತ ಆಸೆ ಅವರಿಗೆ ಇರಲ್ಲ, ರೆಂಚ್ ತಿರುಗಿಸೋ ಸುಖ ತಪ್ಪಿ ಹೋಗತ್ತಲ್ಲ.

ಎರಡನೇ ಬೆಳಗ್ಗೆ ರೆಂಚ್ ತನ್ನಿ. ಮೊದ್ಲು ಲಾಫ್ಟ್ ಮಾತ್ರ. ಒಂದು ಡಿಗ್ರಿ ಮೇಲೆ, ಹನ್ನೆರಡು ಬಾಲ್. ಅದರಲ್ಲಿ ಅತಿ ಒಳ್ಳೇದು ಎರಡು, ಅತಿ ಕೆಟ್ಟದ್ದು ಎರಡು ಬಿಟ್ಟು ಉಳಿದ ಎಂಟು ಎಲ್ಲಿ ಬಿದ್ವು ಅಂತ ನೋಡಿ. ನಮ್ಮ ಮನಸ್ಸು ಯಾವಾಗ್ಲೂ ಆ ಒಂದು ಅದ್ಭುತ ಏಟನ್ನ ಹಿಡ್ಕೊಂಡು ಕೂರತ್ತೆ, ಅದನ್ನೇ ಲೆಕ್ಕದಿಂದ ತೆಗೀಬೇಕು. ದೂರಕ್ಕಿಂತ ಮುಖ್ಯ, ಎಂಟೂ ಎಷ್ಟು ಅಗಲದ ಜಾಗದಲ್ಲಿ ಬಿದ್ವು ಅನ್ನೋದು. ಆಮೇಲೆ ಇನ್ನೊಂದು ಡಿಗ್ರಿ, ಮತ್ತೆ ಹನ್ನೆರಡು. ಮೂರು ಸೆಟ್ಟಿಂಗ್ ಆಯ್ತು, ಒಳ್ಳೇದು ಆರಿಸಿ. ಇಷ್ಟಾದ ಮೇಲೆ ಮಾತ್ರ ತೂಕ, ಇನ್ನೂ ಬಲಕ್ಕೇ ಹೋಗ್ತಿದ್ರೆ ಹೀಲ್ ಕಡೆಗೆ, ಇಲ್ಲಾಂದ್ರೆ ಹಿಂದೆ ಇಟ್ಟು ಮರೆತುಬಿಡಿ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ಸಾರಿಗೆ ಉಪ್ಪು ಹುಳಿ ಎರಡೂ ಒಟ್ಟಿಗೆ ಸುರಿದ ಹಾಗೆ, ಯಾವುದು ಹೆಚ್ಚಾಯ್ತು ಅಂತ ಗೊತ್ತಾಗಲ್ಲ. ಲೈ ಬೇರೆಯಾಗಿ ಬದಲಾಯಿಸೋ ಸೌಲಭ್ಯ ಇದ್ರೂ ಕೊನೆಗೆ ನೋಡಿ, ಡ್ರೈವರ್‌ನಲ್ಲಿ ಅದರ ಪರಿಣಾಮ ಕಮ್ಮಿನೇ.

ಇದಾದ ಮೇಲೆ ಒಂದು ಪರೀಕ್ಷೆ ಇದೆ, ನನಗೆ ಬಹಳ ಇಷ್ಟ. ಸ್ನೇಹಿತರಿಗೋ ಕ್ಯಾಡಿಗೋ ಡ್ರೈವರ್ ಕೊಟ್ಟು, ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ. ಅವರು ತೂಕ ಬದಲಾಯಿಸ್ಬಹುದು ಅಥವಾ ಬದಲಾಯಿಸದೇ ಸುಮ್ನೆ ಟಕ್ ಅನ್ನಿಸಿ ಕೊಡ್ಬಹುದು, ನಿಮಗೆ ಹೇಳೋ ಹಾಗಿಲ್ಲ, ನೀವೂ ತಳ ನೋಡೋ ಹಾಗಿಲ್ಲ. ಆರು ಬಾಲ್ ಹೊಡೆದು ಹೇಳ್ಬೇಕು ಬದಲಾಯ್ತಾ ಇಲ್ವಾ ಅಂತ. ನಮ್ಮ ಡಾಕ್ಟ್ರಿಗೆ ಇದನ್ನ ಮಾಡ್ಸಿದ್ವಿ, ಮೂರು ಸಲದಲ್ಲಿ ಮೂರು ಸಲಾನೂ "ಈಗ ನೋಡಿ, ಎಷ್ಟು ಚೆನ್ನಾಗಿ ಬರ್ತಿದೆ" ಅಂದ್ರು, ಮೂರು ಸಲಾನೂ ಏನೂ ಬದಲಾಯಿಸಿರ್ಲಿಲ್ಲ. ರೋಗಿಗಳಿಗೆ ಸಕ್ಕರೆ ಮಾತ್ರೆ ಕೊಟ್ಟು ಗೊತ್ತಿರೋ ಮನುಷ್ಯ, ತಾನೇ ನುಂಗಿದ್ರು. ನಿಮಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಆ ಸ್ಕ್ರೂ ಬಗ್ಗೆ ಇನ್ನು ತಲೆ ಕೆಡಿಸ್ಕೋಬೇಕಾಗಿಲ್ಲ ಅಂತ ಅರ್ಥ.

ರೆಂಚ್ ತಿರುಗಿಸೋದ್ರಲ್ಲೂ ಒಂದು ರೀತಿ ಇದೆ. ಡ್ರೈವರ್ ಜೊತೆ ಬರೋ ರೆಂಚೇ ಬಳಸಿ, ಅದು ಬೇಕಾದಷ್ಟು ಬಿಗಿ ಆದ ತಕ್ಷಣ ಟಕ್ ಅನ್ನತ್ತೆ, ಅಲ್ಲಿಗೆ ನಿಲ್ಲಿಸಿ, ಇನ್ನೊಂದು ಸುತ್ತು ಜೋರಾಗಿ ಅಂತ ಹೋಗ್ಬೇಡಿ. ಮನೇಲಿರೋ ಎಲ್ ಆಕಾರದ ಕೀಲಿ ತುರುಕಿ ತಿರುಗಿಸಿದ್ರೆ ಸ್ಕ್ರೂ ತಲೆ ಸವೆದು ಹೋಗತ್ತೆ. ಸ್ಲೀವ್ ಹಾಕೋವಾಗ ಹಲ್ಲು ಹಲ್ಲಿಗೆ ಸರಿಯಾಗಿ ಕೂತಿದ್ಯಾ ನೋಡ್ಕೊಂಡು ಆಮೇಲೆ ಬಿಗಿ ಮಾಡಿ. ಮರಳು ಸಿಕ್ಕೊಂಡಿದ್ರೆ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೀರಿ. ಸ್ಲೀವ್ ತಿರುಗಿಸಿದಾಗ ಶಾಫ್ಟೂ ತಿರುಗೋದ್ರಿಂದ ಗ್ರಿಪ್ ಮೇಲಿರೋ ಲೋಗೋ ಅಡ್ಡಕ್ಕೆ ಬಂದ್ಬಿಡತ್ತೆ ಕೆಲವು ಕಂಪನಿಗಳಲ್ಲಿ, ಅದರ ಗೆರೆ ನೋಡ್ಕೊಂಡು ಕೈ ಇಡೋ ಅಭ್ಯಾಸ ಇರೋರಿಗೆ ಮೊದಲ ದಿನ ಗೊಂದಲ ಆಗತ್ತೆ.

ರೂಲ್ ಒಂದು ತಿಳ್ಕೊಂಡಿರಿ, ಇದರಲ್ಲಿ ಸಿಕ್ಕಿಹಾಕ್ಕೊಂಡ್ರೆ ದೊಡ್ಡ ಅವಮಾನ. ರೌಂಡ್ ಶುರು ಆದ್ಮೇಲೆ ಬೇಕಂತಲೇ ಸೆಟ್ಟಿಂಗ್ ಬದಲಾಯಿಸಿ ಅದರಲ್ಲಿ ಒಂದು ಏಟು ಹೊಡೆದ್ರೆ ಡಿಸ್‌ಕ್ವಾಲಿಫೈ, ರೂಲ್ 4.1. ಬದಲಾಯಿಸಿ, ತಪ್ಪು ಗೊತ್ತಾಗಿ, ಹೊಡೆಯೋ ಮುಂಚೆ ಮತ್ತೆ ಮೊದಲಿದ್ದ ಜಾಗಕ್ಕೇ ತಂದ್ರೆ ಪೆನಾಲ್ಟಿ ಇಲ್ಲ. ತಾನಾಗೇ ಸಡಿಲ ಆಗಿದ್ರೆ ಇದ್ದ ಜಾಗದಲ್ಲೇ ಬಿಗಿ ಮಾಡ್ಕೋಬಹುದು. ವೀಣೆಯೋರು ಕಛೇರಿಗೆ ಕೂರೋ ಮುಂಚೆ ಬಿರಡೆ ತಿರುಗಿಸಿ ಶ್ರುತಿ ಮಾಡ್ಕೋತಾರೆ, ಸ್ವರ ತಪ್ಪಿದಾಗಲೆಲ್ಲಾ ಬಿರಡೆಗೆ ಕೈ ಹಾಕಲ್ಲ. ಭಾನುವಾರದ ಸ್ನೇಹದ ಆಟದಲ್ಲಿ ಯಾರೂ ಕೇಳಲ್ಲ ನಿಜ, ಆದ್ರೂ ರೆಂಚನ್ನ ಬ್ಯಾಗಲ್ಲಿ ಇಡ್ಬೇಡಿ, ಕಾರಿನ ಡಿಕ್ಕೀಲಿ ಇಡಿ. ಬ್ಯಾಗಲ್ಲಿದ್ರೆ ಏಳನೇ ಹೋಲ್ ಹೊತ್ತಿಗೆ ಕೈ ತಾನಾಗೇ ಹೋಗತ್ತೆ.

ಕಾಲಕ್ಕೆ ತಕ್ಕ ಹಾಗೆ ಬದಲಾಯಿಸೋದ್ರಲ್ಲಿ ಮಾತ್ರ ಸ್ವಲ್ಪ ಅರ್ಥ ಇದೆ ಅಂತ ನನ್ನ ಅನುಭವ. ರೇಸ್‌ಕೋರ್ಸ್ ಒಳಗಿರೋ ನಮ್ಮ ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬು, ಎದುರಿಗೆ ಚಾಮುಂಡಿ ಬೆಟ್ಟ, ಅಡ್ಡ ಹಿಡಿಯೋಕೆ ಏನೂ ಇಲ್ಲದ ಬಯಲು, ಆಷಾಢದಲ್ಲಿ ಬೀಸೋ ಗಾಳಿಗೆ ಮೇಲೆದ್ದ ಬಾಲ್ ಎಲ್ಲಿಗೆ ಬೇಕಾದ್ರೂ ಹೋಗತ್ತೆ. ಆ ತಿಂಗಳಲ್ಲಿ ಒಂದು ಡಿಗ್ರಿ ಇಳಿಸ್ಬೇಕು ಅನ್ಸತ್ತೆ, ಆದ್ರೆ ಮಳೆ ಬಿದ್ದು ಫೇರ್‌ವೇ ಮೆತ್ತಗಾಗಿರತ್ತೆ, ಬಿದ್ದ ಬಾಲ್ ಉರುಳಲ್ಲ, ಗಾಳೀಲಿ ಎಷ್ಟು ಹೋಯ್ತೋ ಅಷ್ಟೇ. ಹಾಗಾಗಿ ನಾನು ಇಳಿಸಲ್ಲ, ಟೀ ಸ್ವಲ್ಪ ತಗ್ಗಿಸಿ ನಿಧಾನ ಹೊಡೀತೀನಿ. ಇಳಿಸೋದು ಶಿವರಾತ್ರಿ ಆದ್ಮೇಲೆ, ನೆಲ ಒಣಗಿ ಗಟ್ಟಿಯಾಗಿ ಬಾಲ್ ಬಿದ್ದ ಕಡೆಯಿಂದ ಇನ್ನೂ ಮೂವತ್ತು ಗಜ ಓಡೋವಾಗ, ಅದೂ ಅರ್ಧ ಡಿಗ್ರಿ. ವರ್ಷಕ್ಕೆ ಎರಡು ಸಲ ರೆಂಚ್ ಮುಟ್ತೀನಿ, ಸ್ವೆಟರ್ ತೆಗೆದು ಒಳಗಿಟ್ಟ ಹಾಗೆ. ಇನ್ನೊಂದು, ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಗಾಳಿ ತೆಳು, ಬಾಲ್ ಸಮುದ್ರದ ಪಕ್ಕಕ್ಕಿಂತ ನೂರಕ್ಕೆ ಎರಡು ಮೂರರಷ್ಟು ಜಾಸ್ತಿ ಹೋಗತ್ತೆ. ಮಂಗಳೂರಿಗೆ ಹೋಗಿ ಆಡಿ ಐದು ಗಜ ಕಮ್ಮಿ ಬಂತು ಅಂತ ಸ್ಕ್ರೂ ತಿರುಗಿಸ್ಬೇಡಿ.

ಯಾರು ತಗೋಬೇಕು, ಯಾರು ಬೇಡ ಅಂತ ಕೇಳೋರಿಗೆ. ಈಗ ತಾನೇ ಕಲೀತಾ ಇದೀರಿ, ಬಾಕ್ಸ್ ಸೆಟ್‌ನಲ್ಲಿ ಬಂದ ಅಂಟು ಹಾಕಿದ ಡ್ರೈವರ್ ಇದೆ, ಅದು ಹತ್ತೂವರೆ ಡಿಗ್ರಿನೋ ಮೇಲೋ ಇದ್ರೆ ಆರಾಮಾಗಿ ಒಂದೆರಡು ವರ್ಷ ಅದರಲ್ಲೇ ಆಡಿ. ನಿಮ್ಮ ಸ್ವಿಂಗು ತಿಂಗಳಿಗೊಂದು ಥರ ಬದಲಾಗ್ತಿರೋವಾಗ ಯಾವುದಕ್ಕೆ ಅಂತ ಸೆಟ್ ಮಾಡ್ತೀರಿ. ಆಟ ಒಂದು ಹದಕ್ಕೆ ಬಂದಿದೆ, ಒಂದೇ ಥರದ ತಪ್ಪು ಪದೇ ಪದೇ ಮಾಡ್ತೀರಿ, ಅಂಥೋರಿಗೆ ಅಡ್ಜಸ್ಟಬಲ್ ಒಳ್ಳೇದು. ವಯಸ್ಸಾಗ್ತಾ ವೇಗ ಕಮ್ಮಿ ಆಗ್ತಿರೋರಿಗಂತೂ ಬಹಳ ಒಳ್ಳೇದು, ಹೊಸ ಡ್ರೈವರ್ ತಗೊಳ್ಳೋ ಬದಲು ಅದೇ ಹೆಡ್ಡಿಗೆ ಲಾಫ್ಟ್ ಏರಿಸಿ, ಶಾಫ್ಟ್ ಬದಲಾಯಿಸಿ ಮೆತ್ತಂದು ಹಾಕೋಬಹುದು. ನನ್ನ ಕೇಳಿದ್ರೆ ಸ್ಲೀವ್‌ನ ನಿಜವಾದ ಲಾಭ ಈ ಶಾಫ್ಟ್ ಬದಲಾವಣೆನೇ, ಹಿಂದೆ ಅಂಟು ಬಿಸಿ ಮಾಡಿ ಕೀಳ್ಬೇಕಿತ್ತು, ಈಗ ಎರಡು ನಿಮಿಷ. ಒಂದು ಕಂಪನಿ ಸ್ಲೀವ್ ಇನ್ನೊಂದು ಕಂಪನಿ ಹೆಡ್ಡಿಗೆ ಕೂರಲ್ಲ, ಕೆಲವು ಸಲ ಅದೇ ಕಂಪನಿಯ ಹಳೇದು ಹೊಸದಕ್ಕೂ ಕೂರಲ್ಲ, ಶಾಫ್ಟ್ ತಗೊಳ್ಳೋ ಮುಂಚೆ ಕೇಳಿ.

ದುಡ್ಡಿನ ಮಾತು. ಹೊಸ ಮಾಡೆಲ್ ಅರ್ಧ ಲಕ್ಷದ ಹತ್ರ ಹೋಗತ್ತೆ, ದಾಟೋದೂ ಉಂಟು. ನಾಲ್ಕೈದು ವರ್ಷ ಹಳೇದು ಸೆಕೆಂಡ್ ಹ್ಯಾಂಡ್‌ನಲ್ಲಿ ಮೂರನೇ ಒಂದು ಭಾಗಕ್ಕೂ ಸಿಗತ್ತೆ, ಹೆಡ್ಡಿನ ಗಾತ್ರ 460 ಸಿಸಿ ಮೀರೋ ಹಾಗಿಲ್ಲ, ಫೇಸಿನ ಚಿಮ್ಮೋ ಶಕ್ತಿಗೂ ರೂಲಲ್ಲಿ ಮಿತಿ ಇದೆ, ಹಾಗಾಗಿ ಈ ವರ್ಷದ್ದು ಹೋದ ವರ್ಷದ್ದಕ್ಕಿಂತ ಮೂವತ್ತು ಗಜ ಜಾಸ್ತಿ ಅಂದ್ರೆ ನಂಬಬೇಡಿ. ಹಳೇದು ತಗೊಳ್ಳೋವಾಗ ಹೆಡ್ಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸಿ, ಒಳಗೆ ಗಲಗಲ ಅಂದ್ರೆ ಅಂಟಿನ ಚೂರೋ ಇನ್ನೇನೋ ಕಿತ್ತಿದೆ. ಮೇಲ್ಭಾಗದಲ್ಲಿ ಕೂದಲೆಳೆ ಬಿರುಕಿದ್ಯಾ ಬಿಸಿಲಿಗೆ ಹಿಡಿದು ನೋಡಿ. ಸ್ಕ್ರೂ ಬಿಚ್ಚಿ ಹಾಕಿ ನೋಡದೆ ದುಡ್ಡು ಕೊಡ್ಬೇಡಿ, ರೆಂಚ್ ಕೇಳಿ ಇಸ್ಕೊಳ್ಳಿ, ತೂಕದ ಬಿಲ್ಲೆ ಎಲ್ಲಾ ಇದ್ಯಾ ಎಣಿಸಿ. ನಾನು ಮೊದ್ಲು ತಗೊಂಡಿದ್ದರಲ್ಲಿ ಸ್ಲೀವ್ ಒಳಗೇ ಹಿಡ್ಕೊಂಡಿತ್ತು, ಮಾರಿದೋರು "ಸಾರ್, ಹತ್ತೂವರೆನೇ ನಿಮಗೆ ಸರಿ, ಯಾಕೆ ತಿರುಗಿಸ್ತೀರಿ" ಅಂದಿದ್ರು, ಆಗ ಸಲಹೆ ಅಂದ್ಕೊಂಡಿದ್ದೆ.

ಸೆಟ್ ಆದ್ಮೇಲೆ ಫೋನಲ್ಲಿ ಸ್ಲೀವಿನ ಗುರುತು, ತೂಕದ ಜಾಗ ಎರಡರದ್ದೂ ಫೋಟೋ ತೆಗೆದಿಡಿ, ಮನೇಲಿ ಮೊಮ್ಮಕ್ಕಳು ಇದ್ರಂತೂ ಖಂಡಿತ ತೆಗೆದಿಡಿ. ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೀರಿ. ಹತ್ತು ರೌಂಡ್ ಆಗೋವರೆಗೂ ಅದನ್ನ ಮುಟ್ಟಬೇಡಿ, ಹತ್ತೂ ರೌಂಡ್‌ನಲ್ಲಿ ಹದಿನಾಲ್ಕೋ ಎಷ್ಟೋ ಡ್ರೈವ್‌ನಲ್ಲಿ ಎಷ್ಟು ಬಲಕ್ಕೆ, ಎಷ್ಟು ಎಡಕ್ಕೆ, ಎಷ್ಟು ಫೇರ್‌ವೇಲಿ ಅಂತ ಸ್ಕೋರ್‌ಕಾರ್ಡ್ ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕ್ತಾ ಹೋಗಿ. ಎರಡೂ ಕಡೆ ಸಮ ಸಮ ತಪ್ಪಾಗಿದ್ರೆ ಸೆಟ್ಟಿಂಗ್ ಸರಿ ಇದೆ, ಉಳಿದಿರೋದು ನೀವು. ಹತ್ತರಲ್ಲಿ ಎಂಟು ಬಾಣ ಒಂದೇ ಕಡೆ ತೋರಿಸ್ತಿದ್ರೆ ಡಿಕ್ಕಿ ತೆಗೀರಿ.